ಬಟನ್ ಸುಳ್ಳು ಬೊಗಳಿದಳೇ?

ಹದಿಮೂರು ವರ್ಷದ ಬಾಳಿನಲ್ಲಿ ಬಟನ್ ಅನ್ನುವ ನಾಯಿ ಒಂದೇ ಒಂದು ಸುಳ್ಳು ಬೊಗಳಿದವಳಲ್ಲ. ಅವಳ ಯಜಮಾನ ಎಲ್ಡನ್ ಪ್ರೂಯೆಟ್ ದಿನಕ್ಕೆ ಹತ್ತು ಸುಳ್ಳು ಹೇಳುತ್ತಿದ್ದ, ಊಟಕ್ಕೆ ಮುಂಚೆ ಆರು, ಊಟವಾದ ಮೇಲೆ ನಾಲ್ಕು. ಆ ಮಾತು ಬೇರೆ. ಮಿಸೌರಿಯ ಈ ಓಝಾರ್ಕ್ ಗುಡ್ಡಗಳಲ್ಲಿ ಗಂಡಸು ಸುಳ್ಳು ಹೇಳಿದರೆ ಜನ ಕುರ್ಚಿ ಹತ್ತಿರ ಎಳೆದುಕೊಂಡು 'ಆಮೇಲೆ?' ಅನ್ನುತ್ತಾರೆ. ನಾಯಿ ಸುಳ್ಳು ಹೇಳಿದರೆ ಮಾತ್ರ ದೇವರಾಣೆಗೂ ಕ್ಷಮಿಸುವುದಿಲ್ಲ.

ಅಳಿಲು ಬೇಟೆಯ ನಾಯಿಗೆ ಇರುವುದು ಒಂದೇ ಕೆಲಸ. ಅಳಿಲು ಯಾವ ಮರ ಹತ್ತಿದೆಯೋ ಆ ಮರದ ಬುಡದಲ್ಲಿ ಕೂತು ಬೊಗಳಬೇಕು. ಬೊಗಳಿದ ಮರದಲ್ಲಿ ಅಳಿಲಿದ್ದರೆ ನಾಯಿ ಸತ್ಯವಂತ. ಇಲ್ಲದಿದ್ದರೆ ಸುಳ್ಳ. ನಡುವೆ ಮೂರನೆಯ ಜಾತಿಯೇ ಇಲ್ಲ.

ಬಟನ್ ಗಾತ್ರದಲ್ಲಿ ಒಂದು ಒಳ್ಳೇ ಕುಂಬಳಕಾಯಿಯಷ್ಟಿದ್ದಳು. ಬಿಳಿ ಮೈ, ನಡುಬೆನ್ನಿನ ಮೇಲೆ ಕೋಟಿಗೆ ಗುಂಡಿ ಹೊಲಿದ ಹಾಗೆ ಒಂದೇ ಒಂದು ಕರಿ ಮಚ್ಚೆ. ಆ ಮೂಗಿನ ಬಗ್ಗೆ ಎಲ್ಡನ್ ಹೇಳುತ್ತಿದ್ದುದನ್ನು ಅರ್ಧಕ್ಕರ್ಧ ಕಳೆದು ಕೇಳಿದರೂ ಸಾಕು: ಮೊನ್ನೆ ಮಂಗಳವಾರ ಈ ದಾರಿಯಲ್ಲಿ ಹೋದ ಅಳಿಲು ಗಂಡೋ ಹೆಣ್ಣೋ, ಮಧ್ಯಾಹ್ನ ಏನು ತಿಂದಿತ್ತು, ಹೆಂಡತಿಯ ಜೊತೆ ಜಗಳವಾಡಿತ್ತೋ ಇಲ್ಲವೋ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತಂತೆ. ಈಗ ವಯಸ್ಸಾಗಿತ್ತು. ಕಿವಿ ಮಂದ, ಎಡಗಣ್ಣಿಗೆ ಹಾಲಿನಂಥ ಪೊರೆ, ಹಿಂಗಾಲು ಬೆಳಗಿನ ಚಳಿಗೆ ಸೆಟೆದುಕೊಳ್ಳುತ್ತಿತ್ತು. ಮೂಗಿಗೆ ಮಾತ್ರ ವಯಸ್ಸೇ ಆಗಿರಲಿಲ್ಲ. ಎಲ್ಡನ್‌ನ ನಂಬಿಕೆ ಅದು.

ಆ ನಂಬಿಕೆಗೆ ಕಲ್ಲು ಹಾಕಿದವನು ಡೆಲ್ಬರ್ಟ್ ಯೋಕಮ್.

ಇಬ್ಬರಿಗೂ ಎಪ್ಪತ್ತನಾಲ್ಕು. ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತು ಒಂದೇ ಮೇಷ್ಟರ ಕೈಯಲ್ಲಿ ಏಟು ತಿಂದವರು. ಎಲ್ಡನ್ ಮೂವತ್ತೈದು ವರ್ಷ ಜಿಲ್ಲೆಯ ಮಣ್ಣುರಸ್ತೆಗಳನ್ನು ಯಂತ್ರದಲ್ಲಿ ಹೆರೆದು ಸಮ ಮಾಡಿದವನು. ಡೆಲ್ಬರ್ಟ್ ಹಾಲಿನ ಲಾರಿ ಓಡಿಸಿಕೊಂಡು ಅದೇ ರಸ್ತೆಗಳನ್ನು ಕೆಡಿಸಿದವನು. ದಿನಾ ಬೆಳಿಗ್ಗೆ ಊರಿನ ಹಿಂಡಿ-ಬೂಸಾ ಅಂಗಡಿಯ ಕಾಫಿ ಮೇಜಿನ ಸುತ್ತ ಎಂಟು ಜನ ಮುದುಕರು ಸೇರುತ್ತಿದ್ದರು. ಅಲ್ಲಿ ಇವರಿಬ್ಬರದು ಎದುರುಬದುರು ಕುರ್ಚಿ.

"ಬೇಜಾರು ಮಾಡ್ಕೋಬೇಡ ಎಲ್ಡನ್," ಅಂದ ಡೆಲ್ಬರ್ಟ್ ಆ ಸೋಮವಾರ, ಎಲ್ಲರಿಗೂ ಕೇಳುವ ಹಾಗೆ. "ನಿನ್ನ ಮುದುಕಿಗೆ ಅರಳುಮರಳು. ಎರಡು ಶನಿವಾರದಿಂದ ಖಾಲಿ ಮರಕ್ಕೆ ಬೊಗಳ್ತಾ ಇದ್ದಾಳೆ. ನಾನೇ ಕಣ್ಣಾರೆ ನೋಡಿದ್ದೀನಿ."

"ಅರಳುಮರಳು ಯಾರಿಗೋ?"

"ಮೊದ್ಲು ನಾಯಿಗೆ. ಆಮೇಲೆ ಯಜಮಾನನಿಗೆ. ಅದೇ ಕ್ರಮ."

ಮೇಜಿನ ಸುತ್ತ ನಗು ಎದ್ದಿತು. ಎಲ್ಡನ್ ನಗಲಿಲ್ಲ, ಯಾಕೆಂದರೆ ಆ ಮೇಜಿಗೆ ಒಂದು ಕಾನೂನಿತ್ತು. ಮೂರು ಸಲ ಸುಳ್ಳು ಬೊಗಳಿದ ನಾಯಿಯನ್ನು ಮತ್ತೆ ಕಾಡಿಗೆ ಕರೆದೊಯ್ಯಕೂಡದು. ಆ ಕಾನೂನು ಮಾಡಿದವನೂ ಎಲ್ಡನ್ನೇ. ಮೂವತ್ತು ವರ್ಷದ ಹಿಂದೆ ಡೆಲ್ಬರ್ಟ್‌ನ ಹತ್ತಿರ ಒಂದು ನಾಯಿಯಿತ್ತು. ಟೆಲಿಫೋನ್ ಕಂಬಕ್ಕೂ ಬೊಗಳುವುದು, ಬೇಲಿಗೂ ಬೊಗಳುವುದು, ಒಮ್ಮೆ ಚರ್ಚಿನ ಗೋಪುರಕ್ಕೆ ಬೊಗಳಿ ಮದುವೆ ನಿಲ್ಲಿಸಿತ್ತು. ಅದನ್ನು ಮನೆಗೆ ಕಳಿಸಲೆಂದೇ ಎಲ್ಡನ್ ಮೇಜು ಗುದ್ದಿ ಮಾಡಿಸಿದ್ದ ಕಾನೂನು ಈಗ ತಿರುಗಿ ಅವನ ಅಂಗಳಕ್ಕೇ ಬಂದು ನಿಂತಿತ್ತು.

"ಆಯ್ತು," ಅಂದ ಎಲ್ಡನ್. ಕಾಫಿ ಲೋಟ ಕೆಳಗಿಟ್ಟ. "ಈ ಶನಿವಾರ ಲಿಟ್ಲ್ ಸೀಡರ್ ಕಾಡಿಗೆ ಬಾ. ನಿನ್ನ ನಾಯೀನೂ ಕರ್ಕೊಂಡು ಬಾ. ಬಟನ್ ಮೂರನೇ ಸಲ ಸುಳ್ಳಾಡಿದ್ಲು ಅಂದ್ರೆ ಅವಳು ಇನ್ನು ಕಾಡು ಮೆಟ್ಟಲ್ಲ. ಏಳು ಜನರ ಮುಂದೆ ಹೇಳಿದ್ದೀನಿ."

"ಸುಳ್ಳಾಡದೇ ಇದ್ರೆ?"

"ಇದೇ ಮೇಜಿನ ಮುಂದೆ ನಿಂತ್ಕೊಂಡು ನೀನು ಅವಳ ಹೆಸರು ಹೇಳಿ ತಪ್ಪಾಯ್ತು ಅನ್ಬೇಕು."

"ನಾನು ನನ್ನ ಹೆಂಡ್ತಿಗೇ ತಪ್ಪಾಯ್ತು ಅಂದೋನಲ್ಲ."

"ನಿನ್ನ ಹೆಂಡ್ತಿ ಅಳಿಲು ಹಿಡಿಯಲ್ವಲ್ಲ."

ಮನೆಗೆ ಬಂದು ಎಲ್ಡನ್ ಹೆಂಡತಿ ವೀಟಾಳಿಗೆ ವಿಷಯ ಹೇಳಿದ. ಅವಳು ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದಳು.

"ನಿಂಗೆ ಬುದ್ಧಿ ಇದ್ಯಾ? ಅವಳನ್ನ ಮನೇಲಿ ಕೂರಿಸಿದ್ರೆ ಏನಾಗುತ್ತೆ ಅಂತ ಗೊತ್ತಿಲ್ವಾ?"

ಗೊತ್ತಿತ್ತು. ಹಿಂದಿನ ಚಳಿಗಾಲ ಎಲ್ಡನ್‌ಗೆ ಮಂಡಿ ಆಪರೇಶನ್ ಆಗಿ ಆರು ವಾರ ಕಾಡಿಗೆ ಹೋಗಿರಲಿಲ್ಲ. ಬಟನ್ ಪಿಕಪ್ ಗಾಡಿಯ ಚಕ್ರಕ್ಕೆ ಒರಗಿ ಕೂತಲ್ಲೇ ಕೂತಿದ್ದಳು. ತಟ್ಟೆ ಮುಟ್ಟಲಿಲ್ಲ. ಆರು ವಾರದಲ್ಲಿ ಕುಂಬಳಕಾಯಿ ಹೋಗಿ ಸೌತೆಕಾಯಿ ಆಗಿದ್ದಳು. ಎಲ್ಡನ್ ಕೋಲೂರಿಕೊಂಡು ಅವಳನ್ನು ಕಾಡಂಚಿಗೆ ಕರೆದೊಯ್ದ ದಿನ ಹಿಂತಿರುಗಿ ಬಂದು ಮೂರು ಹೊತ್ತಿನ ಊಟ ಒಂದೇ ಸಲಕ್ಕೆ ತಿಂದಿದ್ದಳು. ಡಾಕ್ಟರು ಹೇಳಿದ್ದಕ್ಕಿಂತ ಹದಿನೈದು ದಿನ ಮುಂಚೆ ಅವನು ನಡೆದದ್ದು ಅವಳಿಗಾಗಿ.

"ಸುಳ್ಳಾಡಲ್ಲ ಕಣೇ ಅವಳು," ಅಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ವೀಟಾ ಮದುವೆಯ ದಿನ ಕೇಳಿದ್ದು, ಆಮೇಲೆ ಈಗಲೇ.

ಶನಿವಾರ. ಅಕ್ಟೋಬರಿನ ಬೆಳಗು. ಹಿಕರಿ ಮರಗಳೆಲ್ಲ ಅರಿಶಿನ ಮೆತ್ತಿಕೊಂಡು ನಿಂತಿದ್ದವು. ಲಿಟ್ಲ್ ಸೀಡರ್ ಸಂರಕ್ಷಣಾ ಕಾಡಿನ ಬಾಯಲ್ಲಿ ಜಲ್ಲಿ ಹಾಸಿದ ಗಾಡಿ ನಿಲ್ಲಿಸುವ ಜಾಗ, ನಕ್ಷೆ ಅಂಟಿಸಿದ ಮರದ ಹಲಗೆ. ಎಲ್ಡನ್‌ನ ಪಿಕಪ್ ಬರುವ ಹೊತ್ತಿಗೆ ಡೆಲ್ಬರ್ಟ್‌ನದು ಆಗಲೇ ನಿಂತಿತ್ತು. ಅದರ ಹಿಂಬದಿಯಲ್ಲಿ ಅವನ ಹೊಸ ನಾಯಿ ಜನರಲ್. ಎರಡು ವರ್ಷದ ಹುಡುಗ, ಮೈಯೆಲ್ಲ ಸ್ಪ್ರಿಂಗು. ಅದು ಬೊಗಳಿದರೆ ಪಕ್ಕದ ಜಿಲ್ಲೆಯಲ್ಲಿ ಹಾಲು ಒಡೆಯುತ್ತಿತ್ತು.

ಇಲಾಖೆಯ ಹಸಿರು ಗಾಡಿಯೂ ಇತ್ತು. ಕಾಡಿನ ಗಸ್ತು ತಿರುಗುವ ಮಾರ್ಲಾ ಟೆಟ್ರಿಕ್ ಕಾಗದ ಹಿಡಿದು ಹತ್ತಿರ ಬಂದಳು. ಎಲ್ಡನ್‌ನ ಮಗಳ ವಯಸ್ಸಿನವಳು.

"ಪರ್ಮಿಟ್ ತೋರಿಸ್ತೀರಾ?"

"ಅರವತ್ತೈದು ದಾಟಿದೋರಿಗೆ ಪರ್ಮಿಟ್ ಬೇಡ ಅಂತ ನೀನೇ ಹೇಳಿದ್ದಲ್ವೇನಮ್ಮ," ಅಂದ ಡೆಲ್ಬರ್ಟ್.

"ಅರವತ್ತೈದು ದಾಟಿದ್ದೀರಿ ಅನ್ನೋದಕ್ಕೆ ಗುರುತು ಬೇಕಲ್ಲ."

"ನನ್ನ ಮುಖ ನೋಡು. ಇನ್ನೇನು ಗುರುತು ಬೇಕು?"

"ಮುಖ ನೋಡಿದ್ರೆ ತೊಂಬತ್ತು ಅನ್ಸುತ್ತೆ, ಅದಕ್ಕೇ ಅನುಮಾನ." ಮಾರ್ಲಾ ನಕ್ಕು ಕಾಗದ ಮಡಿಸಿದಳು. "ನಿಯಮ ಗೊತ್ತಲ್ಲ? ಮರಕ್ಕೆ ಮೊಳೆ ಹೊಡೆಯೋ ಹಾಗಿಲ್ಲ, ಮುಳ್ಳಿನ ಬೂಟು ಹಾಕ್ಕೊಂಡು ಹತ್ತೋ ಹಾಗಿಲ್ಲ, ಗರಗಸ ತರೋ ಹಾಗಿಲ್ಲ. ಈ ಮೂರನೇದು ಬೋರ್ಡಿಗೆ ಬಂದಿದ್ದೇ ಡೆಲ್ಬರ್ಟ್ ಅವ್ರಿಂದ."

"ಒಂದು ಸಲ ಕಣಮ್ಮ! ಒಂದೇ ಸಲ!"

"ಇದು ನಮ್ಮ ಕಾಡು ಮಗಳೇ," ಅಂದ ಎಲ್ಡನ್, ಎದೆ ಮುಂದೆ ಮಾಡಿ. "ಅಂಗಡೀಲಿ ಒಂದು ಜೊತೆ ಕಾಲುಚೀಲ ತಗೊಂಡ್ರೂ ಅದ್ರ ತೆರಿಗೇಲಿ ಒಂದು ಕಾಳು ಈ ಕಾಡಿಗೆ ಬರುತ್ತೆ. ಆ ಓಕ್ ಮರದ ಒಂದು ಕೊಂಬೆ ನನ್ನ ಕಾಲುಚೀಲದ್ದು. ನನ್ನ ಕೊಂಬೆಗೆ ನಾನೇ ಗರಗಸ ಹಾಕ್ತೀನಾ?"

"ಯಾವ ಕೊಂಬೆ?" ಕೇಳಿದ ಡೆಲ್ಬರ್ಟ್.

"ಎತ್ತರದ್ದು. ನಿಂದು ಕೆಳಗಿಂದು. ನೀನು ಕಾಲುಚೀಲ ಬದಲಾಯಿಸೋದೇ ಕಮ್ಮಿ."

ಹೀಗೆ ಬೈದಾಡಿಕೊಂಡು ಇಬ್ಬರೂ ಕಾಡು ಹೊಕ್ಕರು, ಹೆಗಲಿಗೆ ಹೆಗಲು ತಾಗಿಸಿಕೊಂಡು. ಪ್ರೀತಿಗೆ ಅಂದುಕೊಳ್ಳಬೇಡಿ. ಅದೊಂದು ಒಪ್ಪಂದ. ಇಬ್ಬರಿಗೂ ಮೂವತ್ತಾಗಿದ್ದಾಗ ಇದೇ ಕಾಡಿನಲ್ಲಿ ಒಂದೇ ಅಳಿಲಿಗೆ ಇಬ್ಬರೂ ಒಂದೇ ಸಲ ಗುಂಡು ಹೊಡೆದಿದ್ದರು. ಅಳಿಲು ಬಿತ್ತು. ನೋಡಿದರೆ ಒಂದೇ ತೂತು. 'ಆ ತೂತು ನಂದು' ಅಂತ ಎಲ್ಡನ್, 'ನಂದು' ಅಂತ ಡೆಲ್ಬರ್ಟ್. ಮರದ ಆಚೆ ಒಬ್ಬ, ಈಚೆ ಒಬ್ಬ ಇದ್ದುದರಿಂದ ಯಾರ ಬಂದೂಕು ಎತ್ತ ತಿರುಗಿತ್ತು ಅಂತ ಯಾರೂ ನೋಡಿರಲಿಲ್ಲ. ಹನ್ನೊಂದು ತಿಂಗಳು ಮಾತು ಬಿಟ್ಟರು. ಕೊನೆಗೆ ಹಿಂಡಿ-ಬೂಸಾ ಅಂಗಡಿಯವರೇ ರಾಜಿ ಮಾಡಿಸಿದ್ದರು: ಇನ್ನು ಮೇಲೆ ಕಾಡಿನಲ್ಲಿ ಒಬ್ಬನ ಕಣ್ಣು ತಪ್ಪಿಸಿ ಇನ್ನೊಬ್ಬ ಒಂದು ಹೆಜ್ಜೆಯೂ ಇಡಕೂಡದು. ಅಂದಿನಿಂದ ನಲವತ್ತನಾಲ್ಕು ವರ್ಷ ಈ ಇಬ್ಬರೂ ಕಾಡಿನಲ್ಲಿ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಂದು ಏರಿಗೆ ಎಳೆಯುವುದು, ಒಂದು ನೀರಿಗೆ ಎಳೆಯುವುದು, ಆದರೆ ನೊಗ ಬಿಡುವ ಹಾಗಿಲ್ಲ.

ಜನರಲ್ ಮುಂದೆ ಹಾರಿತು. ಎರಡು ನಿಮಿಷದಲ್ಲಿ ಒಂದು ಹಿಕರಿ ಮರಕ್ಕೆ ಬೊಗಳಿತು, ಅಳಿಲಿತ್ತು, ಡೆಲ್ಬರ್ಟ್ ಹೊಡೆದ. ಇನ್ನೂ ಅರ್ಧ ಗಂಟೆಗೆ ಇನ್ನೊಂದು. ಎರಡನ್ನೂ ಡೆಲ್ಬರ್ಟ್ ಸೊಂಟಕ್ಕೆ ನೇತುಹಾಕಿಕೊಂಡ, ನಡೆದಾಗ ಎಲ್ಡನ್‌ಗೆ ಕಾಣುವ ಬದಿಗೆ.

"ನಿನ್ನ ಮುದುಕಿ ಎಲ್ಲಿ? ಬೆಂಚು ಸಿಕ್ಕಿದ್ರೆ ಕೂತಿರ್ತಾಳೇನೋ."

ಬಟನ್ ಹಿಂದೆ ಹಿಂದೆ ಬರುತ್ತಿದ್ದಳು. ಒಂದೊಂದು ಎಲೆಯನ್ನೂ ಓದಿಕೊಂಡು, ಪುಟ ತಿರುವಿದ ಹಾಗೆ. ಹೊಳೆಯಂಚಿಗೆ ಬಂದಾಗ ಅವಳ ಬಾಲ ನಿಂತಿತು. ಒಂದು ಸಲ ಹೂಂಕರಿಸಿದಳು. ಸೆಟೆದ ಹಿಂಗಾಲು ಎಳೆದುಕೊಂಡು ನೇರ ಹೋಗಿ ಕಾಡಿನಲ್ಲೆಲ್ಲ ದೊಡ್ಡದಾದ ಬಿಳಿ ಓಕ್ ಮರದ ಬುಡದಲ್ಲಿ ಕೂತಳು. ತಲೆ ಎತ್ತಿ ಬೊಗಳಿದಳು. ಗೋಡೆಗೆ ಮೊಳೆ ಹೊಡೆದ ಹಾಗೆ, ಒಂದೇ ಅಳತೆಯ ಬೊಗಳು.

ಆ ಮರದ ದಪ್ಪ ಹೇಳಿದರೆ ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಅದರ ಈ ಬದಿಯಲ್ಲಿ ಶನಿವಾರವಾಗಿದ್ದರೆ ಆ ಬದಿಯಲ್ಲಿ ಇನ್ನೂ ಶುಕ್ರವಾರವೇ. ತುದಿ ನೋಡಲು ಒಬ್ಬನಿಗೆ ಆಗುವುದಿಲ್ಲ. ಒಬ್ಬ ನೋಡಿ ಕತ್ತು ನೋವು ಬಂದಮೇಲೆ ಅಲ್ಲಿಂದ ಇನ್ನೊಬ್ಬ ಮುಂದುವರಿಸಬೇಕು.

ಇಬ್ಬರೂ ನೋಡಿದರು. ಎಲೆ ಇತ್ತು, ಕೊಂಬೆ ಇತ್ತು, ಆಕಾಶ ಇತ್ತು. ಅಳಿಲಿರಲಿಲ್ಲ. ಅಡಗಲು ಒಂದು ಪೊಟರೆಯೂ ಇರಲಿಲ್ಲ.

"ಸುತ್ತಿ ನೋಡೋಣ," ಅಂದ ಎಲ್ಡನ್.

ಇಬ್ಬರೂ ಜೊತೆಯಾಗಿ ಬಲಕ್ಕೆ ಸುತ್ತಿದರು. ಇಲ್ಲ. ಜೊತೆಯಾಗಿ ಎಡಕ್ಕೆ ಸುತ್ತಿದರು. ಇಲ್ಲ. ಮರಕ್ಕೆ ಹಬ್ಬಿದ್ದ ಕಾಡುದ್ರಾಕ್ಷಿ ಬಳ್ಳಿ ಹಿಡಿದು ಇಬ್ಬರೂ ಚರ್ಚಿನ ಗಂಟೆ ಎಳೆದ ಹಾಗೆ ಎಳೆದಾಡಿದರು. ಡೆಲ್ಬರ್ಟ್‌ನ ತಲೆಯ ಮೇಲೆ ಒಂದು ಒಣ ಕೊಂಬೆ ಬಿತ್ತು. ಅಷ್ಟೇ.

ಜನರಲ್ ಬಂದು ಮರ ಮೂಸಿತು, ಕಾಲೆತ್ತಿತು, ಹೋಯಿತು.

"ನೋಡಿದ್ಯಾ? ನನ್ನ ನಾಯಿ ತೀರ್ಪು ಕೊಡ್ತು," ಅಂದ ಡೆಲ್ಬರ್ಟ್. "ಖಾಲಿ ಮರ. ಮೂರಾಯ್ತು ಎಲ್ಡನ್."

"ಇನ್ನೂ ನೋಡಿ ಮುಗಿದಿಲ್ಲ."

"ಇನ್ನೇನು ನೋಡ್ತೀಯ? ಬೇರು ಕಿತ್ತು ನೋಡ್ತೀಯಾ? ಗರಗಸ ಹಾಕ್ತೀನಿ ಅಂದ್ರೆ ನಿನ್ನ ಕಾಲುಚೀಲದ ಕೊಂಬೆ ಅಡ್ಡ ಬರುತ್ತೆ."

"ಅವಳು ಬೊಗಳ್ತಾ ಇರೋವರ್ಗೂ ಮುಗಿಯಲ್ಲ."

ಒಂಬತ್ತು ಗಂಟೆ ಹತ್ತಾಯಿತು. ಹತ್ತು ಹನ್ನೊಂದಾಯಿತು. ಹದಿನಾಲ್ಕು ಸಲ ಸುತ್ತಿದರು. ಮರದ ಸುತ್ತ ಹುಲ್ಲು ಸವೆದು ಬಂಡಿ ಜಾಡಾಯಿತು. ಅದರಲ್ಲಿ ಮಳೆ ನೀರು ನಿಂತರೆ ಮುಂದಿನ ವರ್ಷ ಇಲಾಖೆಯವರು ಮೀನು ಬಿಡಬಹುದಿತ್ತು. ಡೆಲ್ಬರ್ಟ್ ಒಂದು ದಿಮ್ಮಿಯ ಮೇಲೆ ಕೂತು ಬ್ರೆಡ್ಡಿನ ಕಟ್ಟು ಬಿಚ್ಚಿ ತಿನ್ನತೊಡಗಿದ. ಅರ್ಧ ಮುರಿದು ಎಲ್ಡನ್ ಕಡೆ ಚಾಚಿದ. ಎಲ್ಡನ್ ಬೇಡ ಅಂದ. ಬಟನ್‌ಗೆ ಚಾಚಿದ. ಅವಳು ತಿರುಗಿಯೂ ನೋಡಲಿಲ್ಲ. ದನಿ ಒಡೆದು ಹೋಗಿತ್ತು. ಬೊಗಳು ಬರುಬರುತ್ತ ಕೆಮ್ಮಿನ ಹಾಗಾಗಿತ್ತು. ಆದರೂ ಕೂತ ಜಾಗ ಬಿಡಲಿಲ್ಲ.

"ಸಾಕು ಮಾರಾಯ," ಅಂದ ಡೆಲ್ಬರ್ಟ್. ಈ ಸಲ ಅವನ ಮಾತಿನಲ್ಲಿ ಕುಟುಕಿರಲಿಲ್ಲ. "ಅವಳ ಗಂಟ್ಲು ನೋಡು. ಮನೆಗೆ ಕರ್ಕೊಂಡು ಹೋಗು. ಒಳ್ಳೇ ನಾಯಿ ಆಗಿದ್ಲು. ನಾನೇನು ಇಲ್ಲ ಅಂದಿಲ್ಲ."

'ಆಗಿದ್ಲು' ಅನ್ನುವ ಮಾತು ಎಲ್ಡನ್‌ನ ಎದೆಗೆ ಚುಚ್ಚಿತು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದ. ಮರುಕ ತಡೆಯಲಾಗಲಿಲ್ಲ.

"ಇನ್ನೊಂದೇ ಸುತ್ತು," ಅಂದ.

ಇಬ್ಬರೂ ಎದ್ದರು. ಬಲಕ್ಕೆ ಹೆಜ್ಜೆ ಹಾಕಿದರು. ಎಲ್ಡನ್‌ಗೆ ಮೇಲೆ ನೋಡಿ ನೋಡಿ ಕತ್ತು ಹಿಡಿದಿತ್ತು. ಹಾಗಾಗಿ ಆ ಒಂದು ಸುತ್ತಿನಲ್ಲಿ ಮಾತ್ರ ಅವನು ಕೆಳಗೆ ನೋಡಿದ. ಬಟನ್‌ಳನ್ನು ನೋಡಿದ.

ಇವರು ಬಲಕ್ಕೆ ನಡೆದ ಹಾಗೆ ಅವಳ ಮೂಗು ಒಂದು ಬೆರಳಿನಷ್ಟು ಆಚೆ ಸರಿಯಿತು. ಇನ್ನೊಂದು ಹೆಜ್ಜೆಗೆ ಇನ್ನೊಂದು ಬೆರಳು. ಅವನು ನಿಂತ. ಮೂಗೂ ನಿಂತಿತು. ಡೆಲ್ಬರ್ಟ್‌ನ ತೋಳು ಹಿಡಿದು ಹಿಂದಕ್ಕೆ ನಡೆಸಿದ. ಮೂಗು ಗಡಿಯಾರದ ಮುಳ್ಳಿನ ಹಾಗೆ ವಾಪಸು ಬಂತು. ಅವಳ ಪೊರೆ ಬಂದ ಎಡಗಣ್ಣಿನ ಬದಿಗಿದ್ದ ಇವರು ಅವಳಿಗೆ ಕಾಣುತ್ತಿರಲಿಲ್ಲ. ಅವಳು ನೋಡುತ್ತಿದ್ದುದು ಇವರನ್ನಲ್ಲ. ಮೂಗು ಯಾವಾಗಲೂ ಇವರಿಗೆ ನೇರ ಎದುರು ಬದಿಗೇ ಇತ್ತು.

ಎಲ್ಡನ್‌ಗೆ ಆಗ ಹೊಳೆಯಿತು. ಅಳಿಲು ಮರ ಸುತ್ತುತ್ತಿದೆ. ಇವರು ಆಚೆ ಹೋದರೆ ಅದು ಈಚೆ, ಇವರು ಈಚೆ ಬಂದರೆ ಅದು ಆಚೆ. ಅವನಿಗೆ ಏಳು ವರ್ಷವಾಗಿದ್ದಾಗ ಅಪ್ಪ ಕಲಿಸಿದ ಮೊದಲನೇ ಪಾಠ ಅದು: ಒಬ್ಬ ನಿಲ್ಲಬೇಕು, ಒಬ್ಬ ಸುತ್ತಬೇಕು. ಈ ಗುಡ್ಡಗಳಲ್ಲಿ ಕೂಸಿಗೂ ಗೊತ್ತಿರುವ ಮಾತನ್ನು ಇಬ್ಬರು ಮುದುಕರು ನಲವತ್ತನಾಲ್ಕು ವರ್ಷದಿಂದ ಮರೆತಿದ್ದರು. ಜೊತೆ ಬಿಟ್ಟಿದ್ದರೆ ತಾನೇ! ಸಣ್ಣ ಮರಗಳಲ್ಲಿ ಹೇಗೋ ನಡೆದಿತ್ತು. ಈ ಎರಡು ಶನಿವಾರ ದಪ್ಪ ಮರಗಳೇ ಸಿಕ್ಕಿ ಬಟನ್ ಸುಳ್ಳಿಯಾಗಿದ್ದಳು.

ಹಾಗಂತ ಒಪ್ಪಂದ ಮುರಿಯಲು ಎಲ್ಡನ್ ತಕ್ಷಣ ಸಿದ್ಧನಾಗಲಿಲ್ಲ. ಮೊದಲು ತನ್ನ ಕೋಟು ಬಿಚ್ಚಿ ಮರದ ಆಚೆ ಒಂದು ಪೊದೆಗೆ ನೇತುಹಾಕಿ ಅದರ ಮೇಲೆ ಟೋಪಿ ಇಟ್ಟ. ಅಳಿಲು ಮನುಷ್ಯ ಅಂದುಕೊಂಡು ಹೆದರಲಿ ಅಂತ. ಇಬ್ಬರೂ ಈಚೆ ಬಂದು ಕಾದರು. ಬಟನ್‌ಳ ಮೂಗು ಕೋಟಿನ ಕಡೆಗೇ ನಿಂತಿತು. ಅಳಿಲು ಕೋಟಿಗೆ ಹೆದರಲಿಲ್ಲ. ಓದಿದ ಅಳಿಲು ಇರಬೇಕು.

"ಏನು ಮಾಡ್ತಾ ಇದ್ದೀಯ?" ಕೇಳಿದ ಡೆಲ್ಬರ್ಟ್. "ಚಳೀಲಿ ಪೊದೆಗೆ ಕೋಟು ಹಾಕ್ತೀಯಲ್ಲ, ನಿಜವಾಗ್ಲೂ ಅರಳುಮರಳೇ."

ಎಲ್ಡನ್ ಕೋಟು, ಟೋಪಿ ತಂದು ಹಾಕಿಕೊಂಡ. ಅವನಿಗೆ ಈಗ ಗೊತ್ತಾಗಿತ್ತು, ಉಳಿದಿರುವುದು ಒಂದೇ ದಾರಿ. ತಾನು ನಿಂತು ಡೆಲ್ಬರ್ಟ್‌ನನ್ನು ಸುತ್ತಿಸಿದರೆ ನಾಳೆ ಅವನು 'ನೀನು ಕಂಡೆ ಅಂದ್ರೆ ನಾನು ನಂಬ್ಬೇಕಾ?' ಅನ್ನುತ್ತಾನೆ. ಕಾಣಬೇಕಾದವನು ಡೆಲ್ಬರ್ಟ್. ಆ ಬದಿ ಅವನೊಬ್ಬನೇ ನಿಲ್ಲಬೇಕು. ಅಲ್ಲಿ ಅವನು ಏನು ಕಂಡರೂ, ಏನು ಹೇಳಿದರೂ, ಮತ್ತೆ ಯಾವ ಸಾಕ್ಷಿಯೂ ಇರುವುದಿಲ್ಲ. ಹದಿಮೂರು ವರ್ಷದ ಸತ್ಯವನ್ನು ಊರಿನ ಎರಡನೇ ದೊಡ್ಡ ಸುಳ್ಳನ ಕೈಗೆ ಕೊಡಬೇಕು. ಮೊದಲನೇ ದೊಡ್ಡ ಸುಳ್ಳ ತಾನೇ ಆಗಿದ್ದರಿಂದ ಅವನಿಗೆ ಆ ಕೈಗಳ ಪರಿಚಯ ಚೆನ್ನಾಗಿಯೇ ಇತ್ತು.

"ಡೆಲ್ಬರ್ಟ್," ಅಂದ. "ನೀನು ಆಚೆ ಬದಿ ಹೋಗಿ ಕೂತ್ಕೋ. ಅಲ್ಲಾಡ್ಬೇಡ, ಉಸಿರೂ ಬಿಡ್ಬೇಡ. ನಾನು ಈಚೆಯಿಂದ ಬಳ್ಳಿ ಎಳೀತೀನಿ."

ಡೆಲ್ಬರ್ಟ್ ಅವನನ್ನೇ ನೋಡಿದ. "ಆಚೆ ಹೋದ್ರೆ ನಾನು ನಿಂಗೆ ಕಾಣಲ್ಲ."

"ಗೊತ್ತು."

"ಒಪ್ಪಂದ?"

"ಇವತ್ತು ಬಿಟ್ಟೆ."

"ಅಲ್ಲಿ ನಾನು ಏನು ನೋಡ್ದೆ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

"ನೀನು ಹೇಳ್ತೀಯ."

"ನಾನು ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಬಟನ್ ಇವತ್ತಿಂದ ಮನೇಲಿ."

ಡೆಲ್ಬರ್ಟ್ ಟೋಪಿ ಕಿವಿಯವರೆಗೆ ಎಳೆದುಕೊಂಡ. ಬಂದೂಕು ಎತ್ತಿಕೊಂಡು ಮರದ ಆಚೆ ಹೋದ. ಎಲೆ ಸರಿದ ಸದ್ದು, ಮಂಡಿ ಲಟಕ್ ಅಂದ ಸದ್ದು, ಆಮೇಲೆ ಏನೂ ಇಲ್ಲ. ಅವನು ಮರೆಯಾದ.

ಎಲ್ಡನ್ ನೂರು ಎಣಿಸಿದ. ಬಳ್ಳಿ ಹಿಡಿದು ಜಗ್ಗಿದ. ಒಣ ಎಲೆ ಒದ್ದ. ಕೋಲಿನಿಂದ ತೊಗಟೆ ಕೆರೆದ. ಬಟನ್‌ಳ ಮೂಗು ಮೆಲ್ಲಗೆ ಆಚೆ ತಿರುಗಿತು. ತಿರುಗಿ ನಿಂತಿತು.

ಅವನು ಕಾದ.

ಗುಂಡಿನ ಸದ್ದಿಲ್ಲ. ಮಾತಿಲ್ಲ. ಹೊಳೆಯ ನೀರು ಹರಿಯುವುದು ಕೇಳಿತು. ಎಲ್ಲೋ ಒಂದು ಮರಕುಟಿಗ ಕುಟ್ಟಿ ನಿಲ್ಲಿಸಿತು, ಅದೂ ಕಾಯುತ್ತಿದ್ದ ಹಾಗೆ. ಎಲ್ಡನ್‌ನ ಕೈ ಬಳ್ಳಿಯ ಮೇಲೇ ಇತ್ತು. ಕರೆಯಬೇಕು ಅನ್ನಿಸಿತು, ಕರೆಯಲಿಲ್ಲ. ಇಣುಕಬೇಕು ಅನ್ನಿಸಿತು. ಇಣುಕಿದರೆ ತಾನು ಕೊಟ್ಟ ಮಾತೂ ಸುಳ್ಳಾಗುತ್ತದೆ. ಕಾಲು ನೆಲಕ್ಕೆ ಒತ್ತಿ ನಿಂತ.

ಬಟನ್ ಎದ್ದಳು. ಎರಡು ಗಂಟೆಯಲ್ಲಿ ಮೊದಲ ಸಲ ಜಾಗ ಬಿಟ್ಟಳು. ಹಿಂಗಾಲು ಎಳೆದುಕೊಂಡು ಮರ ಬಳಸಿ ಆಚೆ ಹೋದಳು. ಎಲ್ಡನ್ ಒಬ್ಬನೇ ಉಳಿದ.

ಅವನು ಮತ್ತೆ ನೂರು ಎಣಿಸಿದ.

"ಎಲ್ಡನ್." ಕೊನೆಗೆ ಡೆಲ್ಬರ್ಟ್‌ನ ದನಿ ಬಂತು, ಪಿಸುಮಾತಿನಲ್ಲಿ. "ಟೋಪಿ ತೆಗೆದು ಈ ಕಡೆ ಬಾ."

"ಟೋಪಿ ಯಾಕೋ?"

"ತೆಗೀತೀಯೋ ಇಲ್ವೋ? ನಾನು ಆಗ್ಲೇ ತೆಗೆದಿದ್ದೀನಿ."

ಎಲ್ಡನ್ ಹೋದ. ಡೆಲ್ಬರ್ಟ್ ಬೇರಿನ ಮೇಲೆ ಬರಿದಲೆಯಲ್ಲಿ ಕೂತಿದ್ದ, ಬೋಳುತಲೆ ಚಳಿಗೆ ಕೆಂಪಾಗಿತ್ತು. ಬಟನ್ ಅವನ ಎದುರಿಗೆ ಕೂತಿದ್ದಳು. ಡೆಲ್ಬರ್ಟ್ ಬೆರಳೆತ್ತಿ ತೋರಿಸಿದ. ಇಪ್ಪತ್ತು ಅಡಿ ಮೇಲೆ ತೊಗಟೆಗೆ ತೊಗಟೆಯಾಗಿ ಅಂಟಿಕೊಂಡು ಒಂದು ಕೆಂದಳಿಲು ಇತ್ತು. ಬೆಕ್ಕಿನಷ್ಟು ದಪ್ಪ, ವಯಸ್ಸಾಗಿ ಗಡ್ಡ ನರೆತಿತ್ತು. ಸುತ್ತಿ ಸುತ್ತಿ ಅದಕ್ಕೂ ಸುಸ್ತಾಗಿ ನಾಲಗೆ ಹೊರಗೆ ಬಿದ್ದಿತ್ತು. ಆ ನಾಲಗೆಯ ಮಾತನ್ನು ನಾನು ಡೆಲ್ಬರ್ಟ್‌ನಿಂದ ಕೇಳಿದ್ದು, ಅಳಿಲು ಇದ್ದದ್ದು ಮಾತ್ರ ನಿಜ.

"ಯಾವಾಗಿಂದ ಕಾಣ್ತಾ ಇತ್ತು?" ಕೇಳಿದ ಎಲ್ಡನ್.

"ನೀನು ಬಳ್ಳಿ ಜಗ್ಗಿದ ತಕ್ಷಣ ಬಂತು."

"ಅಷ್ಟು ಹೊತ್ತು ಏನು ಮಾಡ್ತಿದ್ದೆ?"

ಡೆಲ್ಬರ್ಟ್ ಟೋಪಿಯ ಅಂಚು ತಿರುವಿದ. "ಇಲ್ಲ ಅನ್ನೋಣ ಅಂತಿದ್ದೆ. ನಿಜ ಹೇಳ್ತೀನಿ. ಬಾಯಿವರ್ಗೂ ಬಂದಿತ್ತು. ಸೋಮವಾರ ಆ ಏಳು ಜನದ ಮುಖ ಕಣ್ಮುಂದೆ ಬಂತು. ಅಷ್ಟ್ರಲ್ಲಿ ಇವಳು ಬಂದು ಎದುರಿಗೆ ಕೂತ್ಲು. ಅಳಿಲನ್ನ ನೋಡ್ಲಿಲ್ಲ ಮಾರಾಯ, ನನ್ನನ್ನ ನೋಡಿದ್ಲು. 'ನಾನು ಹೇಳೋದು ಹೇಳಾಯ್ತು, ಈಗ ನೀನು ಹೇಳು' ಅಂತ." ಅವನು ಮೂಗು ಒರೆಸಿಕೊಂಡ. "ಆ ಎರಡು ಶನಿವಾರಾನೂ ಇದೇ ಆಗಿರೋದು. ಅವಳದ್ದಲ್ಲ, ನಮ್ಮದು ತಪ್ಪು."

"ನಮ್ಮದು," ಅಂದ ಎಲ್ಡನ್. ನಾಯಿಯ ಬಗ್ಗೆ ಎಷ್ಟು ಹೆಮ್ಮೆ, ಈ ಬೋಳುತಲೆಯ ಬಗ್ಗೆ ಎಷ್ಟು ಅಂತ ಬೇರೆ ಮಾಡಲು ಹೋದ, ಆಗಲಿಲ್ಲ.

"ಹೊಡಿ," ಅಂದ ಡೆಲ್ಬರ್ಟ್. "ನಿನ್ನ ನಾಯಿ ತೋರಿಸಿದ್ದು."

"ನೀನು ಹೊಡಿ. ನಿಂಗೆ ಕಂಡಿದ್ದು."

"ಛೆ, ಅದು ನ್ಯಾಯ ಅಲ್ಲ. ನೀನೇ ಹೊಡಿ."

"ನೀನು ಅಂದ್ರೆ ನೀನು."

ನಲವತ್ತನಾಲ್ಕು ವರ್ಷ 'ನಂದು, ನಂದು' ಅಂತ ಕಿತ್ತಾಡಿದವರು ಈಗ 'ನಿಂದು, ನಿಂದು' ಅಂತ ಶುರುಮಾಡಿದರು. ಕಿತ್ತಾಟ ಮಾತ್ರ ಅಷ್ಟೇ ಜೋರು. ಅಳಿಲು ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಪಕ್ಕದ ಮರಕ್ಕೆ ಹಾರಿ, ಅಲ್ಲಿಂದ ಹೊಳೆಯಾಚೆ ಹೋಗಿ, ಆ ಜಿಲ್ಲೆಯನ್ನೇ ಬಿಟ್ಟು ಹೋಯಿತು.

ಸೋಮವಾರ ಬೆಳಿಗ್ಗೆ ಹಿಂಡಿ-ಬೂಸಾ ಅಂಗಡಿಯಲ್ಲಿ ಡೆಲ್ಬರ್ಟ್ ಎದ್ದು ನಿಂತ. ಟೋಪಿ ಕೈಯಲ್ಲಿ ಹಿಡಿದಿದ್ದ.

"ಬಟನ್ ಪ್ರೂಯೆಟ್ ಬಗ್ಗೆ ನಾನು ಆಡಿದ ಮಾತು ತಪ್ಪು," ಅಂದ. "ತಪ್ಪಾಯ್ತು. ಈ ಜಿಲ್ಲೇಲಿ ಅವಳಷ್ಟು ಸತ್ಯವಂತೆ ಇನ್ನೊಬ್ಬಳಿಲ್ಲ. ನನ್ನ ಜನರಲ್ ಅವಳ ಮುಂದೆ ಇನ್ನೂ ಸಿಪಾಯಿ."

ಯಾರೋ ಅವನ ಹಣೆ ಮುಟ್ಟಿ ಜ್ವರ ನೋಡಿದರು. ಆಮೇಲೆ 'ಏನಾಯ್ತು ಹೇಳು, ಏನಾಯ್ತು ಹೇಳು' ಅಂತ ಕುರ್ಚಿಗಳು ಹತ್ತಿರ ಬಂದವು. ಡೆಲ್ಬರ್ಟ್ ಶುರುಮಾಡಿದ. ಮೊದಲನೇ ಲೋಟ ಕಾಫಿಗೆ ಅಳಿಲು ಬೆಕ್ಕಿನಷ್ಟಿತ್ತು. ಎರಡನೇ ಲೋಟಕ್ಕೆ ಕರುವಿನಷ್ಟಾಯಿತು. ಮೂರನೇ ಲೋಟದ ಹೊತ್ತಿಗೆ ಅದು ಮರ ಸುತ್ತಿದ ರಭಸಕ್ಕೆ ಓಕ್ ಮರವೇ ತಿರುಪಿನಂತೆ ಎರಡು ಅಡಿ ನೆಲಕ್ಕಿಳಿದಿತ್ತು.

"ಇದೆಲ್ಲ ನಿಜವೇನೋ ಎಲ್ಡನ್?"

ಎಲ್ಡನ್ ಕುರ್ಚಿಗೆ ಒರಗಿ, ಕಾಲು ಚಾಚಿ, ಹೊಸ ಅಳಿಯನ ಹಾಗೆ ಕೂತಿದ್ದ. "ಎರಡು ಅಡಿ ಅಲ್ಲ," ಅಂದ. "ಮೂರು."

ಅಷ್ಟು ಹೊತ್ತಿಗೆ ಹೊರಗೆ ನಿಲ್ಲಿಸಿದ್ದ ಪಿಕಪ್ಪಿನಿಂದ ಒಂದು ಬೊಗಳು ಕೇಳಿತು. ಒಡೆದ ದನಿ, ಕೆಮ್ಮಿನಂಥದ್ದು. ಕಿಟಕಿಯಿಂದ ತಲೆ ಹೊರಗೆ ಹಾಕಿ ಬಟನ್ ಅಂಗಡಿಯ ಮುಂದಿನ ಮೇಪಲ್ ಮರದ ಕಡೆಗೆ ಮೂಗು ಎತ್ತಿದ್ದಳು.

ಎಂಟು ಜನ ಮುದುಕರು 'ಅಯ್ಯಯ್ಯೋ ಮಂಡಿ' ಅನ್ನುತ್ತ ಎದ್ದು, ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬಂದು, ನಾಲ್ವರು ಮರದ ಆ ಬದಿಗೆ ಹೋದರು, ನಾಲ್ವರು ಈ ಬದಿಗೆ.